ಕೈಯಾರೆ ಮಾಡಿದರೆ ಮೌಂಟ್ ಆಗುತ್ತದೆ, ಬೂಟ್ ಆದಾಗ ಮಾತ್ರ ಇಲ್ಲ

ಥಿನ್ ಕ್ಲೈಂಟ್ (ಫೈಲುಗಳನ್ನು ತನ್ನಲ್ಲಿ ಇಡದೆ ಸರ್ವರ್‌ನಲ್ಲಿ ಇಡುವ ಸಣ್ಣ ಕಂಪ್ಯೂಟರ್) ಆನ್ ಮಾಡಿದರೆ ಡೆಸ್ಕ್‌ಟಾಪ್ ಬರುತ್ತಿತ್ತು. ಶೇರ್ಡ್ ಡ್ರೈವ್‌ನ ಫೋಲ್ಡರ್ ಕೂಡ ಇರುತ್ತಿತ್ತು, ತೆರೆದು ನೋಡಿದರೆ ಖಾಲಿ. ಟರ್ಮಿನಲ್‌ನಲ್ಲಿ ಮೌಂಟ್ ಕಮಾಂಡ್ (ಸರ್ವರ್‌ನ ಡ್ರೈವ್ ಅನ್ನು ಆ ಫೋಲ್ಡರ್‌ಗೆ ಜೋಡಿಸುವ ಕಮಾಂಡ್) ಕೊಟ್ಟರೆ ಸಾಕು, ಎಲ್ಲ ಫೈಲುಗಳೂ ಬಂದುಬಿಡುತ್ತಿದ್ದವು. ಲಿನಕ್ಸ್ ಥಿನ್ ಕ್ಲೈಂಟ್‌ಗಳು, ವಿಂಡೋಸ್ ಸರ್ವರ್, ಮಧ್ಯೆ ಒಂದು ಸ್ವಿಚ್. ನಮ್ಮ ಸೆಟಪ್ ಅಷ್ಟೇ.

ಮೊದಲು ನಾನು ಪಾಸ್‌ವರ್ಡ್ ಮೇಲೆ ಅನುಮಾನ ಪಟ್ಟೆ, ಅರ್ಧ ದಿನ ಅದರಲ್ಲೇ ಹೋಯಿತು. ಅದು ತಪ್ಪು ದಾರಿ. ಕೈಯಾರೆ ಕೊಟ್ಟಾಗ ಅದೇ ಪಾಸ್‌ವರ್ಡ್ ಕೆಲಸ ಮಾಡುತ್ತದೆ ಅಂದರೆ ಪಾಸ್‌ವರ್ಡ್ ಸರಿ ಇದೆ, ಸರ್ವರ್ ಸರಿ ಇದೆ, ಪರ್ಮಿಷನ್ನೂ ಸರಿ ಇದೆ. ಉಳಿದಿದ್ದು ಸಮಯ ಒಂದೇ, ಅಲ್ವಾ? ಹಾಗಾಗಿ ಜರ್ನಲ್ ಲಾಗ್ (ಯಾವಾಗ ಏನಾಯಿತು ಅನ್ನುವ ಸಿಸ್ಟಮ್ ದಾಖಲೆ) ತೆಗೆದು ಸೆಕೆಂಡುಗಳನ್ನು ಮಾತ್ರ ನೋಡುತ್ತಾ ಹೋದೆ. ಮೌಂಟ್ ಸೋತ ಸಾಲು ಮೇಲಿತ್ತು, ಐಪಿ ಅಡ್ರೆಸ್ ಸಿಕ್ಕ ಸಾಲು ಅದಕ್ಕಿಂತ ಬಹಳ ಕೆಳಗಿತ್ತು, ನಡುವೆ ಸುಮಾರು 30 ಸೆಕೆಂಡ್.

ಆ 30 ಸೆಕೆಂಡ್ ಎಲ್ಲಿಂದ ಬಂತು ಅಂತ ಹುಡುಕಿದಾಗ ಸಿಕ್ಕಿದ್ದು ಸ್ವಿಚ್. ಸ್ಪ್ಯಾನಿಂಗ್ ಟ್ರೀ (ನೆಟ್‌ವರ್ಕ್‌ನಲ್ಲಿ ಲೂಪ್ ಆಗದಂತೆ ತಡೆಯುವ ವ್ಯವಸ್ಥೆ) ಆನ್ ಇದ್ದರೆ, ಕೇಬಲ್‌ಗೆ ಲಿಂಕ್ ಬಂದ ಮೇಲೂ ಪೋರ್ಟ್ 15 ಸೆಕೆಂಡ್ ಸುಮ್ನೆ ಕೇಳುತ್ತದೆ, ಇನ್ನೂ 15 ಸೆಕೆಂಡ್ ಕಲಿಯುತ್ತದೆ, ಆಮೇಲೆಯೇ ಡೇಟಾ ಬಿಡುತ್ತದೆ. ಅಲ್ಲಿಯವರೆಗೆ ಡಿಎಚ್‌ಸಿಪಿ ಮೂಲಕ ಐಪಿ ಅಡ್ರೆಸ್ ಕೇಳಿದರೂ ಉತ್ತರ ಬರುವುದಿಲ್ಲ. ಹಳೆಯ ಪಿಸಿಗಳಲ್ಲಿ ಹಾರ್ಡ್ ಡಿಸ್ಕ್ ನಿಧಾನ, ಬೂಟ್ ಮುಗಿಯುವಷ್ಟರಲ್ಲಿ ಪೋರ್ಟ್ ತಯಾರಾಗಿರುತ್ತಿತ್ತು, ಹಾಗಾಗಿ ಯಾರಿಗೂ ಗೊತ್ತೇ ಆಗಿರಲಿಲ್ಲ. ಥಿನ್ ಕ್ಲೈಂಟ್ ಫ್ಲ್ಯಾಶ್‌ನಿಂದ ಬೇಗ ಏಳುತ್ತದೆ, ಎದ್ದ ಕೂಡಲೇ ಮೌಂಟ್ ಮಾಡಲು ಹೋಗಿ ಸೋಲುತ್ತದೆ, ಮತ್ತೆ ಪ್ರಯತ್ನ ಮಾಡುವುದೂ ಇಲ್ಲ.

ಎರಡೂ ಕಡೆ ಸರಿ ಮಾಡಿದೆ. ಸ್ವಿಚ್‌ನಲ್ಲಿ ಥಿನ್ ಕ್ಲೈಂಟ್ ಇರುವ ಪೋರ್ಟ್‌ಗಳಿಗೆ ಮಾತ್ರ ಪೋರ್ಟ್‌ಫಾಸ್ಟ್ (ಆ 30 ಸೆಕೆಂಡ್ ಕಾಯದೆ ಡೇಟಾ ಬಿಡುವ ಆಯ್ಕೆ) ಹಾಕಿದೆ. ಇನ್ನೊಂದು ಸ್ವಿಚ್‌ಗೆ ಹೋಗುವ ಪೋರ್ಟ್‌ಗೆ ಅದನ್ನು ಹಾಕಬಾರದು, ಲೂಪ್ ಆದರೆ ನೆಟ್‌ವರ್ಕ್ ಪೂರ್ತಿ ಮಲಗುತ್ತದೆ. ಏನೇನು ಮೌಂಟ್ ಆಗಬೇಕು ಅಂತ ಬರೆದಿಡುವ ಎಫ್‌ಎಸ್‌ಟ್ಯಾಬ್ ಫೈಲ್‌ನಲ್ಲಿ, ಇದಕ್ಕೆ ನೆಟ್‌ವರ್ಕ್ ಬೇಕು ಅಂತ ಹೇಳುವ ನೆಟ್‌ಡೆವ್ ಆಯ್ಕೆ ಮೊದಲೇ ಇತ್ತು, ಆದರೆ ನೆಟ್‌ವರ್ಕ್ ಬರುವವರೆಗೆ ಕಾಯುವ ಸರ್ವಿಸ್ಸೇ ಆಫ್ ಆಗಿದ್ದರೆ ಅದೊಂದರಿಂದ ಏನೂ ಆಗುವುದಿಲ್ಲ. ಅದಕ್ಕೆ ನೋಆಟೋ (ತಾನಾಗಿ ಮೌಂಟ್ ಮಾಡಬೇಡ) ಜೊತೆ, ಲಿನಕ್ಸ್‌ನಲ್ಲಿ ಸರ್ವಿಸ್‌ಗಳನ್ನು ನಡೆಸುವ ಸಿಸ್ಟಮ್‌ಡಿಯ ಆಟೋಮೌಂಟ್ ಆಯ್ಕೆ ಸೇರಿಸಿದೆ. ಈಗ ಬೂಟ್ ಸಮಯದಲ್ಲಿ ಮೌಂಟೇ ಆಗುವುದಿಲ್ಲ, ಯಾರಾದರೂ ಫೋಲ್ಡರ್ ತೆರೆದಾಗ ಆಗುತ್ತದೆ. ನನ್ನ ಪ್ರಕಾರ ಥಿನ್ ಕ್ಲೈಂಟ್‌ಗೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ, ಸರ್ವರ್ ಆಫ್ ಇದ್ದರೂ ಬೂಟ್ ಸಿಕ್ಕಿಹಾಕಿಕೊಳ್ಳುವುದಿಲ್ಲ.

ಖುಷಿಯಿಂದ ಮನೆಗೆ ಹೋದೆ. ಮರುದಿನ ಬಂದು ಆನ್ ಮಾಡಿದರೆ ಎಫ್‌ಎಸ್‌ಟ್ಯಾಬ್‌ನಲ್ಲಿ ನಾನು ಬರೆದ ಸಾಲುಗಳೇ ಇಲ್ಲ! ಥಿನ್ ಕ್ಲೈಂಟ್‌ನ ರೂಟ್ ಫೈಲ್‌ಸಿಸ್ಟಮ್ (ಲಿನಕ್ಸ್ ಇರುವ ಮೂಲ ಜಾಗ) ರೀಡ್-ಓನ್ಲಿ, ಅದರ ಮೇಲೆ ಬರೆದಿದ್ದೆಲ್ಲ ರ‍್ಯಾಮ್‌ಗೆ ಹೋಗುತ್ತದೆ, ಪವರ್ ಆಫ್ ಮಾಡಿದರೆ ಹೋಯಿತು. ಆಗ ನನಗೆ ಇನ್ನೊಂದು ವಿಷಯ ಹೊಳೆದು ಹೊಟ್ಟೆ ಕಲಕಿದಂತಾಯಿತು. ಅದರ ಹಿಂದಿನ ವಾರ ಸಹೋದ್ಯೋಗಿಯೊಬ್ಬರು "ಸೇವ್ ಮಾಡಿದ್ದೆ ಸರ್, ಫೈಲ್ ಇಲ್ಲ" ಅಂದಿದ್ದರು, ನಾನು ನಂಬಿರಲಿಲ್ಲ. ಅವರು ನಿಜವಾಗಿಯೂ ಸೇವ್ ಮಾಡಿದ್ದರು, ಮೌಂಟ್ ಆಗದ ಆ ಖಾಲಿ ಫೋಲ್ಡರ್‌ಗೆ. ಅವರ ಒಂದು ದಿನದ ಕೆಲಸ ರ‍್ಯಾಮ್ ಜೊತೆ ಅಳಿಸಿಹೋಗಿತ್ತು. ಹೋಗಿ ಕ್ಷಮೆ ಕೇಳಿದೆ. ಥಿನ್ ಕ್ಲೈಂಟ್‌ಗೆ ಹಾಕುವ ಮೂಲ ಇಮೇಜ್ (ಇಡೀ ಸಿಸ್ಟಮ್‌ನ ಪ್ರತಿ) ಅನ್ನೇ ಬದಲಿಸಿ ಎಲ್ಲದಕ್ಕೂ ಹಾಕಿದೆ, ಜೊತೆಗೆ ಮೌಂಟ್ ಪಾಯಿಂಟ್ ಫೋಲ್ಡರ್ ಅನ್ನು ರೂಟ್ (ಅಡ್ಮಿನ್) ಹೆಸರಿಗೆ ಮಾಡಿ ಬೇರೆಯವರಿಗೆ ಬರೆಯುವ ಪರ್ಮಿಷನ್ ತೆಗೆದೆ. ಈಗ ಮೌಂಟ್ ಆಗದಿದ್ದರೆ ಸೇವ್ ಕೂಡ ಆಗುವುದಿಲ್ಲ, ಎರರ್ ಬರುತ್ತದೆ. ನೀವು ಬೇರೇನೂ ಮಾಡದಿದ್ದರೂ ಇದೊಂದನ್ನು ಇವತ್ತೇ ಮಾಡಿ.

ಎರಡು ಯಂತ್ರಗಳು ಆಮೇಲೂ ಹಟ ಮಾಡಿದವು. ಎರರ್ 112, ಹೋಸ್ಟ್ ಈಸ್ ಡೌನ್ ಅಂತ. ಪಿಂಗ್ ಮಾಡಿದರೆ ಸರ್ವರ್ ಉತ್ತರ ಕೊಡುತ್ತಿತ್ತು! ಅವುಗಳ ಇಮೇಜ್‌ನಲ್ಲಿ ಮಾತ್ರ ಹಳೆಯ ಕರ್ನಲ್ (ಲಿನಕ್ಸ್‌ನ ತಿರುಳು) ಇತ್ತು. 4.13ಕ್ಕಿಂತ ಹಿಂದಿನ ಕರ್ನಲ್ ನಾವು ಏನೂ ಹೇಳದಿದ್ದರೆ ಎಸ್‌ಎಂಬಿ 1ರಲ್ಲೇ (ವಿಂಡೋಸ್ ಫೈಲ್ ಹಂಚಿಕೆ ಭಾಷೆಯ ಹಳೆಯ ಆವೃತ್ತಿ) ಮಾತಾಡುತ್ತದೆ, ಸರ್ವರ್‌ನಲ್ಲಿ ಅದನ್ನು ಮುಚ್ಚಿದ್ದರು. ಆಯ್ಕೆಗಳಲ್ಲಿ ವರ್ಷನ್ 3.0 ಅಂತ ಬರೆದ ಮೇಲೆ ಸರಿಯಾಯಿತು. ಸರ್ವರ್‌ನಲ್ಲಿ ಎಸ್‌ಎಂಬಿ 1 ತೆರೆಯಿರಿ ಅಂತ ಯಾರಾದರೂ ಸಲಹೆ ಕೊಟ್ಟರೆ ದಯವಿಟ್ಟು ಕೇಳಬೇಡಿ.

ಈಗ ಯಾವ ಬದಲಾವಣೆ ಮಾಡಿದರೂ ಪವರ್ ಕೇಬಲ್ ಕಿತ್ತು, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಹಾಕಿ ನೋಡುತ್ತೇನೆ. ಫೋಲ್ಡರ್ ಮೊದಲ ಸಲ ತೆರೆಯುವಾಗ ಒಂದೆರಡು ಸೆಕೆಂಡ್ ತಡವಾಗುತ್ತದೆ. ಅದನ್ನು ಎಲ್ಲರಿಗೂ ಮೊದಲೇ ಹೇಳಿಟ್ಟಿದ್ದೇನೆ.