ರಾತ್ರೋರಾತ್ರಿ ಖಾಲಿಯಾಗುತ್ತಿದ್ದ ಬೌಲ್

ಹತ್ತಿ ವ್ಯಾಪಾರ ಮಾಡುತ್ತಿದ್ದ ನನ್ನ ತಂದೆ 1986ರಲ್ಲಿ ಕೊಂಡ ಪ್ರೀಮಿಯರ್ ಪದ್ಮಿನಿ ಕಾರು ಇಂದಿಗೂ ದಾವಣಗೆರೆಯ ನಮ್ಮ ಮನೆಯ ಶೆಡ್ಡಿನಲ್ಲಿದೆ. ಓಣಿಯವರ ಬಾಯಲ್ಲಿ ಅದು ಈಗಲೂ ‘ಫಿಯೆಟ್’. 1089 ಸಿಸಿ ಎಂಜಿನ್, ಅದಕ್ಕೆ ಪೆಟ್ರೋಲನ್ನು ಗಾಳಿಯೊಡನೆ ಬೆರೆಸಿ ಕೊಡುವ ಸೋಲೆಕ್ಸ್ ಕಾರ್ಬುರೇಟರ್. ದಿನವೂ ಓಡಿಸಿದರೆ ಅರ್ಧ ಸೆಲ್ಫಿಗೇ ಹಿಡಿಯುವ ಗಾಡಿ, ಕಳೆದ ಬೇಸಿಗೆಯಲ್ಲಿ ಎರಡು ದಿನ ನಿಂತರೆ ಸಾಕು, ಬ್ಯಾಟರಿ ಸೋಲುವ ತನಕ ಸೆಲ್ಫ್ ಹೊಡೆಸಿಕೊಳ್ಳತೊಡಗಿತು. ಗ್ಯಾರೇಜಿನಲ್ಲಿ ಪೆಟ್ರೋಲ್ ಪಂಪ್ ಬದಲಿಸಿದರು, ಆಮೇಲೆ ಕಾರ್ಬುರೇಟರ್‌ನ ನೀಡಲ್ ವಾಲ್ವ್ ಬದಲಿಸಿದರು. ಕಾಯಿಲೆ ಮಾತ್ರ ಹಾಗೆಯೇ ಉಳಿಯಿತು. ಇನ್ನು ಅಳತೆ ಮಾಡದೆ ಒಂದು ವಾಷರ್ ಕೂಡ ಕೊಳ್ಳುವುದಿಲ್ಲ ಎಂದು ಆ ದಿನ ನಿರ್ಧರಿಸಿದೆ.

ಮೊದಲು ಏರ್ ಕ್ಲೀನರ್ ತೆಗೆದು ಕಾರ್ಬುರೇಟರ್‌ನ ಗಂಟಲೊಳಗೆ ಇಣುಕಿ ನೋಡಿದೆ. ಎಂಜಿನ್ ಆರಿಸಿದ ಕೂಡಲೇ ಥ್ರಾಟಲ್ ಎಳೆದರೆ ಆಕ್ಸಲರೇಟರ್ ಪಂಪಿನ ಸಣ್ಣ ಕೊಳವೆಯಿಂದ ಪೆಟ್ರೋಲ್ ಚಿಮ್ಮುತ್ತಿತ್ತು. ಎರಡು ದಿನ ಬಿಟ್ಟು ಎಳೆದರೆ ಒಂದು ಹನಿಯೂ ಇಲ್ಲ. ಅಂದರೆ ಕಾರ್ಬುರೇಟರ್‌ನೊಳಗೆ ಪೆಟ್ರೋಲ್ ನಿಲ್ಲುವ ಪುಟ್ಟ ತೊಟ್ಟಿ, ಬೌಲ್, ಖಾಲಿ. ಇಷ್ಟು ತಿಳಿದ ಮೇಲೆ ಪೆಟ್ರೋಲ್ ಪಂಪಿನ ಮೇಲಿನ ಅನುಮಾನ ತಾನಾಗಿ ಹೋಯಿತು. ಮನೆಯ ಮೇಲಿನ ನೀರಿನ ಟ್ಯಾಂಕಿಗೆ ಬಾಲ್ ವಾಲ್ವ್ ಇರುವ ಹಾಗೆ, ಬೌಲಿಗೆ ಪೆಟ್ರೋಲ್ ಬಂದು ಬೀಳುವುದು ಮೇಲಿನಿಂದ, ನೀಡಲ್ ವಾಲ್ವ್ ಮೂಲಕ. ಬಿದ್ದದ್ದು ಮತ್ತೆ ಮೇಲೇರಿ ಪೈಪಿನಲ್ಲಿ ಹಿಂದಕ್ಕೆ ಹೋಗಲಾರದು. ಪಂಪ್ ಕೆಟ್ಟಿದ್ದರೆ ಪೈಪ್ ಖಾಲಿಯಾಗಬಹುದು, ಬೌಲ್ ಆಗುವುದಿಲ್ಲ.

ಉಳಿದದ್ದು ಮೂರು ದಾರಿ: ಆವಿಯಾಗಿ ಮೇಲಕ್ಕೆ, ಸೋರಿ ಎಂಜಿನ್ ಒಳಕ್ಕೆ, ಸೋರಿ ಹೊರಕ್ಕೆ. ಎಂಜಿನ್ ಒಳಕ್ಕೆ ಹೋಗಿದ್ದರೆ ಆಯಿಲ್ ಮಟ್ಟ ಏರಬೇಕು, ಡಿಪ್‌ಸ್ಟಿಕ್ಕಿಗೆ ಪೆಟ್ರೋಲ್ ವಾಸನೆ ಹತ್ತಬೇಕು. ಎರಡೂ ಇರಲಿಲ್ಲ. ಹೊರಗೆ ಸೋರಿದ್ದರೆ ಒದ್ದೆ ಕಾಣಬೇಕಲ್ಲ ಎಂದುಕೊಂಡು ಆ ದಾರಿಯನ್ನೂ ಬಿಟ್ಟೆ. ಅದು ನನ್ನ ತಪ್ಪು. ಅಮ್ಮ ವಾರದಿಂದ ಹೇಳುತ್ತಲೇ ಇದ್ದರು, “ಬೆಳಗಿನ ಜಾವ ದೇವರ ಮನೆಯವರೆಗೂ ಪೆಟ್ರೋಲ್ ವಾಸನೆ ಬರುತ್ತದೆ ನೋಡಪ್ಪ” ಎಂದು. ಆ ಮಾತಿಗೆ ಅಂದೇ ಬೆಲೆ ಕೊಡಬೇಕಿತ್ತು.

ಅಳತೆಗೆ ಔಷಧಿ ಅಂಗಡಿಯಿಂದ 50 ಮಿಲಿ ಸಿರಿಂಜ್ ತಂದೆ. ಪೆಟ್ರೋಲ್ ತಾಗಿದರೆ ಅದರ ರಬ್ಬರ್ ಉಬ್ಬಿ ಹಿಡಿದುಕೊಳ್ಳುತ್ತದೆ, ಆದ್ದರಿಂದ ಮೂರು ನಾಲ್ಕು ಬೇಕಾಗುತ್ತವೆ. ಗಾಡಿಯನ್ನು ಶೆಡ್ಡಿನಿಂದ ಹೊರಗೆ ತಳ್ಳಿ, ಬ್ಯಾಟರಿಯ ಟರ್ಮಿನಲ್ ಬಿಚ್ಚಿ, ಎಂಜಿನ್ ಬಿಸಿ ಇರುವಾಗ ಪೆಟ್ರೋಲ್ ಚೆಲ್ಲದಂತೆ ನೋಡಿಕೊಂಡು ಈ ಕೆಲಸ ಮಾಡಬೇಕು. ಇದರಲ್ಲಿ ಯಾರೂ ರಿಯಾಯಿತಿ ತೆಗೆದುಕೊಳ್ಳಬಾರದು. ಪ್ರತಿ ಸಲವೂ ಊರಾಚೆಯ ಆನಗೋಡಿನವರೆಗೆ ಹೋಗಿಬಂದು ಎಂಜಿನ್ ಆರಿಸಿ, ಗೊತ್ತುಪಡಿಸಿದ ಹೊತ್ತಿಗೆ ಮುಚ್ಚಳ ಬಿಚ್ಚಿ, ಬೌಲಿನಲ್ಲಿ ಉಳಿದದ್ದನ್ನು ಹೀರಿ ಅಳೆದೆ. ನಡುವೆ ಮುಚ್ಚಳ ತೆರೆದರೆ ಲೆಕ್ಕ ಕೆಡುತ್ತದೆಂದು ಒಂದು ಅಳತೆಗೆ ಒಂದು ಓಟ. ಆರಿಸಿದ ಕೂಡಲೇ 52 ಮಿಲಿ. ಒಂದು ಗಂಟೆಯ ನಂತರ 41. ಮರುದಿನ ಬೆಳಿಗ್ಗೆ, ಹದಿನಾಲ್ಕು ಗಂಟೆಗೆ, 17. ಎರಡನೆಯ ಬೆಳಿಗ್ಗೆ ಬೌಲ್ ಒಣಗಿತ್ತು.

ಮೊದಲ ಗಂಟೆಯ 11 ಮಿಲಿ ಶಾಖದ ಪಾಲು ಎಂದು ಊಹಿಸುವುದು ಕಷ್ಟವಲ್ಲ. ಪೆಟ್ರೋಲಿನ ಹಗುರ ಅಂಶಗಳು 35–40 ಡಿಗ್ರಿಯ ಸುಮಾರಿಗೇ ಕುದಿಯತೊಡಗುತ್ತವೆ. ಏಪ್ರಿಲ್ ತಿಂಗಳಲ್ಲಿ ದಾವಣಗೆರೆಯ ನೆರಳೇ ಅಷ್ಟಿರುತ್ತದೆ, ಇನ್ನು ಬಾನೆಟ್ ಕೆಳಗಿನ ಶಾಖವನ್ನು ಹೇಳುವುದೇ ಬೇಡ. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಕೂಡ ಇದೆ. ಅದು ಒಂಟಿಯಾಗಿ 78 ಡಿಗ್ರಿಗೆ ಕುದಿಯುವ ವಸ್ತುವಾದರೂ, ಪೆಟ್ರೋಲಿನೊಡನೆ ಬೆರೆತಾಗ ಮಿಶ್ರಣದ ಆವಿಯ ಒತ್ತಡವನ್ನು ಏರಿಸುತ್ತದೆ. ಆದರೆ ಎಂಜಿನ್ ತಣ್ಣಗಾದ ಮೇಲೆ ರಾತ್ರಿಯೆಲ್ಲ ಹೋದ 24 ಮಿಲಿಗೆ ಯಾರು ಹೊಣೆ?

ಇದಕ್ಕಾಗಿ ತಣ್ಣನೆಯ ಗಾಡಿಯ ಬೌಲಿಗೆ ಸಿರಿಂಜಿನಿಂದ 50 ಮಿಲಿ ಹಾಕಿ, ಮುಚ್ಚಳ ಬಿಗಿದು, ಸ್ಟಾರ್ಟ್ ಮಾಡದೆ ಸಂಜೆಯಿಂದ ಬೆಳಗಿನವರೆಗೆ ಬಿಟ್ಟೆ. ಪಕ್ಕದಲ್ಲೇ, ಮುಚ್ಚಳಕ್ಕೆ ಸಣ್ಣ ತೂತು ಕೊರೆದ ಗಾಜಿನ ಬಾಟಲಿಯಲ್ಲಿ ಇನ್ನೊಂದು 50 ಮಿಲಿ ಇಟ್ಟೆ. ಬೆಳಿಗ್ಗೆ ಬಾಟಲಿಯಲ್ಲಿ 47 ಇತ್ತು, ಬೌಲಿನಲ್ಲಿ 31. ಆ ಅಂಕಿಗಳನ್ನು ಬರೆದುಕೊಂಡ ಕ್ಷಣ ನನಗಾದ ಸಂತೋಷ ದೊಡ್ಡದು. ಬರೀ ಆವಿಯಾದರೆ ಇಷ್ಟು ಅಂತರ ಬರುವುದಿಲ್ಲ. ಎಲ್ಲೋ ಸೋರುತ್ತಿದೆ ಎಂಬುದು ಖಚಿತವಾಯಿತು.

ಕಾರ್ಬುರೇಟರ್ ಇಳಿಸಿ, ತೊಳೆದು ಒಣಗಿಸಿ, ಬೆಂಚಿನ ಮೇಲೆ ಸಮನಾಗಿ ನಿಲ್ಲಿಸಿದೆ. ಕೀಲುಗಳಿಗೆ, ಪ್ಲಗ್ಗುಗಳಿಗೆ ಬಿಳಿ ಸೀಮೆಸುಣ್ಣದ ಪುಡಿ ಸವರಿ ಬೌಲ್ ತುಂಬಿಸಿದೆ. ಇಪ್ಪತ್ತು ನಿಮಿಷದಲ್ಲಿ ಬೌಲಿನ ತಳದ ಬದಿಯಲ್ಲಿರುವ ಮೇನ್ ಜೆಟ್ (ಪೆಟ್ರೋಲನ್ನು ಅಳತೆಯಲ್ಲಿ ಬಿಡುವ ಸಣ್ಣ ತೂತಿನ ಭಾಗ) ಪ್ಲಗ್ಗಿನ ಸುತ್ತ ಪುಡಿ ಕಪ್ಪಾಗಿ ಒದ್ದೆಯಾಯಿತು, ಬೇರೆಲ್ಲ ಕಡೆ ಬೆಳ್ಳಗೇ ಇತ್ತು. ಹನಿ ಕಟ್ಟುವ ಮೊದಲೇ ಆವಿಯಾಗಿ ಹೋಗುವಷ್ಟು ನಿಧಾನದ ಸೋರಿಕೆ ಅದು. ಕಣ್ಣಿಗೆ ಕಾಣದ್ದನ್ನು ಅಮ್ಮನ ಮೂಗು ಹಿಡಿದಿತ್ತು. ಪ್ಲಗ್ಗಿನ ಕೆಳಗೆ ತೆಳು ಕಂದು ಕಲೆಯೊಂದಿತ್ತು, ಪೆಟ್ರೋಲ್ ಆರಿದ ಮೇಲೆ ಉಳಿಯುವ ಅಂಟು. ಅಂಥ ಕಲೆ ನಿಮ್ಮ ಗಾಡಿಯಲ್ಲಿ ಕಂಡರೆ ಧೂಳೆಂದು ಒರೆಸಿಬಿಡಬೇಡಿ.

ಪ್ಲಗ್ಗಿನ ಫೈಬರ್ ವಾಷರ್ ಗಟ್ಟಿಯಾಗಿ ಅಂಚು ಸೀಳಿತ್ತು. ಗಾಜಿನ ಹಲಗೆಯ ಮೇಲೆ ನಯವಾದ ಎಮರಿ ಕಾಗದ ಹಾಸಿ ಪ್ಲಗ್ಗಿನ ಮುಖ ಉಜ್ಜಿ, ಹೊಸ ವಾಷರ್ ಹಾಕಿದೆ. ಕಾರ್ಬುರೇಟರ್‌ನ ಲೋಹ ಮೆತ್ತಗಿನದು. ಪ್ಲಗ್ಗನ್ನು ಬಲ ಹಾಕಿ ಬಿಗಿದರೆ ಅದು ಕೂರುವ ತಿರುಪಿನ ಮರೆ ಸವೆದು ಹೋಗುತ್ತದೆ.

ಇಳಿಸಿದಾಗ ಇನ್ನೊಂದು ಸಂಗತಿ ಗೊತ್ತಾಯಿತು. ಕಾರ್ಬುರೇಟರ್ ಕೆಳಗೆ ಶಾಖ ತಡೆಯಲು ಇರಬೇಕಾದ ದಪ್ಪ ಸ್ಪೇಸರ್ ಇರಲೇ ಇಲ್ಲ, ಹಿಂದೆ ಯಾರೋ ಅದನ್ನು ತೆಗೆದು ಬರೀ ಕಾಗದದ ಗ್ಯಾಸ್ಕೆಟ್ ಹಾಕಿದ್ದರು. ಶಾಖ ತಡೆಯುವ ಗಟ್ಟಿ ಹೈಲಂ ಶೀಟಿನಲ್ಲಿ ಹೊಸದನ್ನು ಕತ್ತರಿಸಿ, ಎರಡೂ ಕಡೆ ಗ್ಯಾಸ್ಕೆಟ್ ಇಟ್ಟು ಕೂರಿಸಿದೆ. ಎತ್ತರ ಹೆಚ್ಚಿದಾಗ ಸ್ಟಡ್ಡುಗಳ ಉದ್ದ ಸಾಕೇ, ಥ್ರಾಟಲ್ ಕಡ್ಡಿ ಪೂರ್ತಿ ಹಿಂದಕ್ಕೆ ಬರುತ್ತದೆಯೇ ಎಂದು ನೋಡಿಕೊಳ್ಳಲೇಬೇಕು.

ಮತ್ತೆ ಅದೇ ಆನಗೋಡಿನ ಓಟ, ಅದೇ ಅಳತೆ. ಒಂದು ಗಂಟೆಗೆ 47, ಮರುದಿನ ಬೆಳಿಗ್ಗೆ 43, ಮೂರನೆಯ ಬೆಳಿಗ್ಗೆ 35. ಶೆಡ್ಡಿನಲ್ಲಿ ವಾಸನೆ ನಿಂತಿತು. ಉಳಿದ ನಷ್ಟ ಬೌಲಿನ ಗಾಳಿರಂಧ್ರದಿಂದ ಹೋಗುವ ಆವಿ. ಆ ರಂಧ್ರವನ್ನು ಮುಚ್ಚುವಂತಿಲ್ಲ. ಹತ್ತು ದಿನ ನಿಂತಿದ್ದರೆ ಬಾನೆಟ್ ತೆರೆದು ಪೆಟ್ರೋಲ್ ಪಂಪಿಗಿರುವ ಕೈಯಿಂದ ಒತ್ತುವ ಸನ್ನೆಯನ್ನು (ಲಿವರ್) ಹದಿನೈದಿಪ್ಪತ್ತು ಸಲ ಒತ್ತಿ ಬೌಲ್ ತುಂಬಿಸಿಕೊಳ್ಳುತ್ತೇನೆ. ಕೆಲವೊಮ್ಮೆ ಸನ್ನೆ ಸಡಿಲವಾಗಿ ಆಡುತ್ತದೆ, ಪೆಟ್ರೋಲ್ ಏರುವುದಿಲ್ಲ. ಆಗ ಪಂಪ್ ಕೆಟ್ಟಿದೆ ಎಂದುಕೊಳ್ಳಬೇಕಾಗಿಲ್ಲ. ಎಂಜಿನ್ನಿನೊಳಗೆ ತಿರುಗುತ್ತ ಪಂಪನ್ನು ನಡೆಸುವ ಕ್ಯಾಮ್ ಪಂಪಿನ ತೋಳನ್ನು ಒತ್ತಿ ಹಿಡಿದಿರುತ್ತದೆ ಅಷ್ಟೆ. ಎಂಜಿನ್ನನ್ನು ಒಂದು ಸುತ್ತು ತಿರುಗಿಸಿ ಮತ್ತೆ ಒತ್ತಿದರೆ ಸನ್ನೆಗೆ ಬಿಗಿ ಬರುತ್ತದೆ.