ಜೋಕರ್‌ನ ದನಿ ಮುಚ್ಚಿ ನೋಡಿದಾಗ

ಹುಬ್ಬಳ್ಳಿಯಲ್ಲಿ ನಾನು ನಡೆಸುವ ಖಳನಾಯಕರ ಸಂಜೆ ಈಗ ಕೈಯಿಂದ ದುಡ್ಡು ಹಾಕದೇ ನಡೆಯುತ್ತಿದೆ. ಒಬ್ಬ ಕಾಮಿಕ್ಸ್ ಖಳನನ್ನು ಬೇರೆ ಬೇರೆ ನಟರು ಹೇಗೆ ಮಾಡಿದ್ದಾರೆ ಅಂತ ನೋಡಿ ಮಾತಾಡೋ ಕೂಟ ಅದು. ಶುರು ಮಾಡುವಾಗ ಗೆಳೆಯರೆಲ್ಲ ಒಂದೇ ಮಾತು: "ಕಾಮಿಕ್ಸ್ ಪಾತ್ರದ ಮ್ಯಾಲೆ ಎರಡ್ ತಾಸು ಏನ್ ಮಾತಾಡ್ತೀಯೋ ದೋಸ್ತ, ಯಾರ್ ಬರ್ತಾರ?" ಈಗ ಅವರೇ ಮುಂದಿನ ಸಾಲಿನಲ್ಲಿ ಕೂರುತ್ತಾರೆ. ಹಾಗಾಗಿ ಹೇಗೆ ಮಾಡಿದೆ ಅಂತ ಬರೆದಿಡುತ್ತೇನೆ. ಕ್ಲಿಪ್ ಕತ್ತರಿಸೋದು, ಸ್ಪೀಕರ್ ಜೋಡಿಸೋದು ನಿಮಗೆಲ್ಲ ಗೊತ್ತಿರೋದೇ, ಅದನ್ನು ಬಿಡ್ತೀನಿ.

ಮೊದಲು ಇಡೀ ಸಿನಿಮಾ ತೋರಿಸುತ್ತಿದ್ದೆ. ವಿದ್ಯಾನಗರದ ಒಂದು ಟ್ಯೂಷನ್ ಹಾಲ್, ಬಾಡಿಗೆ ಸುಮಾರು 600. ಪ್ರೊಜೆಕ್ಟರ್ ಬಾಡಿಗೆ 1000ದ ಹತ್ತಿರ. ಚಹಾ, ಗಿರ್ಮಿಟ್ಟು ಬೇರೆ. ಟಿಕೆಟ್ 100 ಇಟ್ಟರೆ ಬಂದವರು ಹದಿನೈದು ಜನ. ಸಿನಿಮಾ ಮುಗಿದು ಮಾತು ಶುರುವಾಗಬೇಕು ಅನ್ನುವಷ್ಟರಲ್ಲಿ ಧಾರವಾಡದವರು ಚಿಗರಿ ಬಸ್ ಹಿಡಿಯೋಕೆ ಎದ್ದು ಹೋಗುತ್ತಿದ್ದರು. ಆ ಕಾಲದಲ್ಲಿ ಹನ್ನೆರಡು ಸಾವಿರದಷ್ಟು ಕೈಬಿಟ್ಟಿತು.

ಆಮೇಲೆ ಬ್ಯಾಟ್‌ಮನ್‌ನ ವೈರಿ ಜೋಕರ್ ಪಾತ್ರ ಮಾಡಿದ ನಟರಿಗೆ ಹತ್ತಕ್ಕೆ ಎಷ್ಟು ಅಂಕ ಅಂತ ಚೀಟಿ ಬರೆಸಿದೆ. ಅದೂ ಕೆಟ್ಟಿತು. ಪ್ರತಿ ಸಲ ಹೀತ್ ಲೆಡ್ಜರ್ ಗೆಲ್ಲುತ್ತಿದ್ದ, ವಾಕೀನ್ ಫೀನಿಕ್ಸ್ ಕಡೆಯವರು ಮುಖ ಊದಿಸಿಕೊಳ್ಳುತ್ತಿದ್ದರು. ಆಸ್ಕರ್ ಇಬ್ಬರಿಗೂ ಬಂದಿದೆ: ಲೆಡ್ಜರ್‌ಗೆ ತೀರಿಕೊಂಡ ಮೇಲೆ 2009ರಲ್ಲಿ ಪೋಷಕ ನಟನಾಗಿ, ಫೀನಿಕ್ಸ್‌ಗೆ 2020ರಲ್ಲಿ ನಾಯಕ ನಟನಾಗಿ. ಎರಡೂ ಕಡೆಯವರು ಅದನ್ನೇ ಹಿಡಿದು ಕೂಗಾಡುತ್ತಿದ್ದರು. ಹತ್ತು ನಿಮಿಷದಲ್ಲಿ ಮಾತು ಖಲಾಸ್.

ಕೆಲಸ ಮಾಡಿದ ಉಪಾಯ ಇದು. ಇಡೀ ಸಿನಿಮಾ ಬಿಟ್ಟು ಬರೀ ಕ್ಲಿಪ್. ಎಲ್ಲ ನಟರಿಂದಲೂ ಒಂದೇ ಕೆಲಸ ಎತ್ತಿಕೊಳ್ಳಬೇಕು, ಜೋಕರ್‌ಗಾದರೆ ನಗು. ಮೊದಲ ಸುತ್ತು ದನಿ ಪೂರಾ ಬಂದ್. ಎರಡನೇ ಸುತ್ತಿಗೆ ದನಿ ಹಚ್ಚಬೇಕು. ನಗುವನ್ನು ದನಿಯಿಲ್ಲದೆ ಏನು ನೋಡೋದು ಅಂತ ಎಲ್ಲರೂ ತಕರಾರು ತೆಗೆದರು. ನೋಡಿದ ಮೇಲೆ ಯಾರೂ ತೆಗೆಯಲಿಲ್ಲ.

1966ರ ಟಿವಿ ಜೋಕರ್ ಸೀಸರ್ ರೊಮೆರೋ ಮೀಸೆ ಬೋಳಿಸಲು ಒಪ್ಪದೆ ಅದರ ಮೇಲೇ ಬಿಳಿ ಬಣ್ಣ ಹಚ್ಚಿಸಿಕೊಂಡವನು. ದನಿ ಇದ್ದಾಗ ಆ ಮೀಸೆ ಕಣ್ಣಿಗೇ ಬೀಳೋದಿಲ್ಲ. ದನಿ ತೆಗೆದರೆ ಮೊದಲು ಕಾಣೋದೇ ಅದು. 1989ರ ಜಾಕ್ ನಿಕಲ್ಸನ್‌ನದು ಬೇರೆ ಕಷ್ಟ. ರಾಸಾಯನಿಕದಲ್ಲಿ ಬಿದ್ದ ಮೇಲೆ ಆ ಪಾತ್ರದ ಬಾಯಿ ನಗುತ್ತಲೇ ಹೆಪ್ಪುಗಟ್ಟಿದೆ. ಖುಷಿ, ಸಿಟ್ಟು ಏನೇ ಇರಲಿ, ಹುಬ್ಬು, ಮಣಿಕಟ್ಟು, ಟೋಪಿಯಲ್ಲೇ ತೋರಿಸಬೇಕು. ಮ್ಯೂಸಿಯಂ ದೃಶ್ಯದಲ್ಲಿ ಗಾಯಕ ಪ್ರಿನ್ಸ್‌ನ ಹಾಡು ನಮ್ಮನ್ನು ಎಳೆದುಕೊಂಡು ಹೋಗುತ್ತದೆ. ಹಾಡು ತೆಗೆದು ನೋಡಿ. ಸಿಕ್ಕ ಚಿತ್ರಕ್ಕೆಲ್ಲ ಬಣ್ಣ ಬಳಿಸುವವನು, ಚಿತ್ರಕಾರ ಫ್ರಾನ್ಸಿಸ್ ಬೇಕನ್‌ನ ಒಂದೇ ಒಂದು ಚಿತ್ರಕ್ಕೆ ಚಾಕು ಏಳುತ್ತಿದ್ದಂತೆ ಸಹಚರನನ್ನು ತಡೆಯುತ್ತಾನೆ. ಕೊಳೆತ ಮಾಂಸದ ಬಣ್ಣದ ಆ ಚಿತ್ರ ಅವನಿಗೆ ಇಷ್ಟ. ನಿಕಲ್ಸನ್‌ನ ಜೋಕರ್ ತನ್ನನ್ನು ಕಲಾವಿದ ಅಂತ ನಂಬಿದವನು ಅನ್ನೋದಕ್ಕೆ ನನಗೆ ಅಷ್ಟು ಸಾಕು.

ಲೆಡ್ಜರ್‌ನ (2008) ವಿಷಯದಲ್ಲಿ ಎಲ್ಲರಿಗೂ ನಾಲಿಗೆ ಕಂಡಿತು. ಮಾತು ಮಾತಿಗೂ ತುಟಿಯ ಮೂಲೆ ನೆಕ್ಕುತ್ತಾನೆ. ಈ ಪಾತ್ರ ನಗೋದು ನಾವು ಅಂದುಕೊಂಡಷ್ಟು ಇಲ್ಲವೇ ಇಲ್ಲ, ಅದೂ ಗೊತ್ತಾಯಿತು. ಫೀನಿಕ್ಸ್‌ನ (2019) ಬಸ್ಸಿನ ದೃಶ್ಯ ಹಾಕಿದಾಗ ಸಭೆ ಸುಮ್ಮನಾಯಿತು. ನಗು ತಡೆಯಲಾಗದೆ ಒದ್ದಾಡುತ್ತಾನೆ, ತನಗೆ ಕಾಯಿಲೆ ಇದೆ ಅಂತ ಬರೆದ ಕಾರ್ಡು ಚಾಚುತ್ತಾನೆ. ಧಾರವಾಡದಿಂದ ಬರುವ ನಿವೃತ್ತ ಮಾಸ್ತರರೊಬ್ಬರು ಈ ಸಿನಿಮಾ ನೋಡಿಯೇ ಇರಲಿಲ್ಲ. "ಇಂವ ಅಳಾಕತ್ತಾನಲ್ರೀ" ಅಂದರು. ಈ ನಟನೆಯ ಬಗ್ಗೆ ನಾನು ಓದಿದ ಯಾವ ವಿಮರ್ಶೆಯೂ ಇಷ್ಟು ನೇರವಾಗಿ ಹೇಳಿಲ್ಲ. ಅಂದು ಒಂಬತ್ತೂವರೆ ಆದರೂ ಯಾರೂ ಏಳಲಿಲ್ಲ. ಯಾರು ದೊಡ್ಡವರು ಅನ್ನೋ ಜಗಳ ಹೋಗಿ, ಯಾರು ಏನು ಮಾಡಿದರು ಅನ್ನೋ ಮಾತು ಬಂತು.

ಬ್ಯಾಟ್‌ಮನ್‌ನ ಇನ್ನೊಬ್ಬ ವೈರಿ ಬೇನ್‌ಗೆ ಮಾತ್ರ ಇದನ್ನು ಉಲ್ಟಾ ಮಾಡಬೇಕು. 1993ರಲ್ಲಿ ಕಾಮಿಕ್ಸ್‌ಗೆ ಬಂದ ಈ ಪಾತ್ರ ಬುದ್ಧಿವಂತ, ಬ್ಯಾಟ್‌ಮನ್‌ನ ಬೆನ್ನು ಮುರಿದವನು. 1997ರ ಸಿನಿಮಾ ಅವನನ್ನು ಗುರುಗುಡುವ ಪೈಲ್ವಾನ ಮಾಡಿ ಕೂರಿಸಿತು. ನನಗೆ ಅದು ಇವತ್ತಿಗೂ ಸಿಟ್ಟು. 2012ರಲ್ಲಿ ಟಾಮ್ ಹಾರ್ಡಿಯ ಬಾಯಿ ಮುಖವಾಡದ ಒಳಗೆ. ಇಲ್ಲಿ ಚಿತ್ರ ಮುಚ್ಚಿ ಬರೀ ದನಿ ಕೇಳಿಸಿದೆ, ಪಾತ್ರದ ಬುದ್ಧಿ ಅಷ್ಟೂ ದನಿಯಲ್ಲೇ ಇತ್ತು.

ಕೈ ಎತ್ತಿದರೆ ಲೋಹ ಬಗ್ಗಿಸುವ ಎಕ್ಸ್-ಮೆನ್ ಸಿನಿಮಾಗಳ ಖಳ ಮ್ಯಾಗ್ನೀಟೋ ಇನ್ನೂ ಪೂರ್ತಿ ಕೈಗೆ ಹತ್ತಿಲ್ಲ. 2000 ಮತ್ತು 2011ರ ಎರಡೂ ಸಿನಿಮಾಗಳಲ್ಲಿ ನಾಜಿ ಕ್ಯಾಂಪಿನ ಗೇಟು ಬಗ್ಗಿಸುವ ದೃಶ್ಯ ಇದೆ, ಆದರೆ ಅಲ್ಲಿ ಮ್ಯಾಗ್ನೀಟೋ ಇನ್ನೂ ಬಾಲಕ, ದೊಡ್ಡ ನಟರಿಲ್ಲ. ಹಾಗಾಗಿ ಕೈ ಎತ್ತುವ ರೀತಿಯನ್ನೇ ಹಿಡಿದೆ. ಇಯಾನ್ ಮೆಕೆಲನ್ ಆಳಿಗೆ ಸನ್ನೆ ಮಾಡುವ ಗೌಡನ ಹಾಗೆ ಕೈ ಎತ್ತುತ್ತಾರೆ. ಮೈಕಲ್ ಫಾಸ್‌ಬೆಂಡರ್ ಸಬ್‌ಮರೀನ್ ಎತ್ತುವಾಗ ಕತ್ತಿನ ನರ ಉಬ್ಬುತ್ತದೆ. ವಯಸ್ಸು, ಅಧಿಕಾರ ಎರಡೂ ಅಲ್ಲೇ ಇವೆ.

ಒಂದು ಸಂಜೆ ಸುಮ್ನೆ ಕುತೂಹಲಕ್ಕೆ ವಜ್ರಮುನಿಯವರನ್ನೂ ಇದೇ ಪರೀಕ್ಷೆಗೆ ಹಚ್ಚಿದೆ. ಧುತ್ತರಗಿಯವರ ನಾಟಕದಿಂದ ಬಂದ 1974ರ ಸಂಪತ್ತಿಗೆ ಸವಾಲ್. ದನಿ ತೆಗೆದರೂ ಆ ಕಣ್ಣಿನ ಬಿಸಿ ಕಡಿಮೆಯಾಗಲಿಲ್ಲ, ಸೀಟಿ ಬಿದ್ದವು. ಗದಗಿನ ಹುಡುಗಿಯೊಬ್ಬಳು, "ಸರ್, ರನ್ನನ ದುರ್ಯೋಧನನೇ ಬ್ಯಾರೆ, ಕುಮಾರವ್ಯಾಸನ ದುರ್ಯೋಧನನೇ ಬ್ಯಾರೆ ಅಲ್ರೀ, ನಾವು ಮಾಡ್ತಿರೋದೂ ಇದೇ ಅಲ್ವಾ" ಅಂದಳು. ಹೌದು. ಒಬ್ಬ ಖಳನನ್ನು ಹಲವರ ಕೈಯಲ್ಲಿ ನೋಡೋದು ನಮ್ಮ ಕಡೆ ಹೊಸದೇನಲ್ಲ.

ಕ್ಲಿಪ್‌ಗಳನ್ನು ಯಾವ ಕ್ರಮದಲ್ಲಿ ಹಾಕುತ್ತೇನೆ, ನಡುವೆ ಎಷ್ಟು ಹೊತ್ತು ಕತ್ತಲೆ ಬಿಡುತ್ತೇನೆ, ಅದನ್ನು ಹೇಳೋದಿಲ್ಲ. ಅರ್ಧ ಕೆಲಸ ಅದೇ ಮಾಡೋದು. ಕಷ್ಟಪಟ್ಟು ಹುಡುಕಿಕೊಂಡದ್ದು, ನನ್ನ ಹತ್ತಿರವೇ ಇರಲಿ.

ಈಗ ಟಿಕೆಟ್ 50. ಮೂವತ್ತೈದು, ನಲವತ್ತು ಜನ ಬರುತ್ತಾರೆ. ಹದಿನಾಲ್ಕು ಸಾವಿರದ ಹತ್ತಿರ ಕೊಟ್ಟು ಸೆಕೆಂಡ್‌ಹ್ಯಾಂಡ್ ಪ್ರೊಜೆಕ್ಟರ್ ತಗೊಂಡೆ. ಹಾಲ್, ಚಹಾ ಕಳೆದು ಎಂಟ್ನೂರು, ಒಂಬೈನೂರು ಉಳಿಯುತ್ತದೆ, ಪ್ರೊಜೆಕ್ಟರ್ ದುಡ್ಡು ಹೆಚ್ಚುಕಡಿಮೆ ವಾಪಸ್ ಬಂದಿದೆ. ಮುಂದೆ ಸೂಪರ್‌ಮ್ಯಾನ್‌ನ ವೈರಿ ಲೆಕ್ಸ್ ಲೂಥರ್: 1978ರ ಜೀನ್ ಹ್ಯಾಕ್‌ಮನ್‌ನಿಂದ 2025ರ ನಿಕೋಲಸ್ ಹೋಲ್ಟ್ ತನಕ. ಅವನಿಗೆ ನಗು ನಡೆಯೋದಿಲ್ಲ. ಸೂಪರ್‌ಮ್ಯಾನ್ ಎದುರಿಗೆ ನಿಂತಾಗ ಕಣ್ಣು ಎಲ್ಲಿ ಇಡುತ್ತಾನೆ, ಅದನ್ನು ಹಿಡಿದು ಕ್ಲಿಪ್ ಕತ್ತರಿಸುತ್ತಿದ್ದೇನೆ.