ಕಂತಿನಲ್ಲಿ ಹಾರಿದ ಇನ್ನೂರು ಗಂಟೆ

ವಿಮಾನ ತರಬೇತಿ ಶಾಲೆಯ ಶುಲ್ಕವನ್ನು ಒಟ್ಟಿಗೆ ಕಟ್ಟದೆ, ಹಾರುವ ಗಂಟೆಗಳಿಗೆ ತಕ್ಕಂತೆ ಕಂತಿನಲ್ಲಿ ಕೊಟ್ಟು ಸಿಪಿಎಲ್ (ವಾಣಿಜ್ಯ ಪೈಲಟ್ ಲೈಸೆನ್ಸ್) ಮುಗಿಸುತ್ತೇನೆಂದು ಹೇಳಿದಾಗ ಹಾಸ್ಟೆಲಿನಲ್ಲಿ ನಗದವರಿರಲಿಲ್ಲ. ಕಂತಿನವನಿಗೆ ವಿಮಾನ ಸಿಗುವುದು ಉಳಿದವರೆಲ್ಲ ಹಾರಿ ಮುಗಿಸಿದ ಮೇಲೆಯೇ ಎಂಬುದು ಅವರ ವಾದವಾಗಿತ್ತು. ಕಳೆದ ವರ್ಷ ನಾನು 204 ಗಂಟೆಗೆ ಲೈಸೆನ್ಸ್ ಪಡೆದೆ. ನಕ್ಕವರಲ್ಲಿ ಇಬ್ಬರು ಇನ್ನೂ 150 ಗಂಟೆಯ ಆಸುಪಾಸಿನಲ್ಲಿದ್ದಾರೆ.

ಈ ಬುದ್ಧಿ ಬಂದದ್ದು ಪೆಟ್ಟು ತಿಂದ ಮೇಲೆ. ಮೊದಲು ಉತ್ತರ ಭಾರತದ ಒಂದು ಶಾಲೆಗೆ, ರಿಯಾಯಿತಿಯ ಆಸೆಗೆ ಬಿದ್ದು, ಒಂಬತ್ತು ಲಕ್ಷ ಮುಂಗಡ ಕಟ್ಟಿದ್ದೆ. ತೋರಿಸಿದ್ದು ಐದು ವಿಮಾನ, ಹಾರುತ್ತಿದ್ದದ್ದು ಎರಡು. ಡಿಸೆಂಬರ್, ಜನವರಿಯ ಮಂಜಿನಲ್ಲಿ ಅವೂ ಹ್ಯಾಂಗರಿನಲ್ಲೇ ನಿಂತವು. ಏಳು ತಿಂಗಳಿಗೆ 31 ಗಂಟೆಯಷ್ಟೇ ಆಯಿತು. ಪತ್ರದ ಮೇಲೆ ಪತ್ರ ಬರೆದು ಮೂರು ಲಕ್ಷದಷ್ಟನ್ನು ವಾಪಸು ಪಡೆದೆ. ಹಾರಿದ ಗಂಟೆಗಳ ಬೆಲೆ ಬಿಟ್ಟು ಲೆಕ್ಕ ಹಾಕಿದರೂ ಒಂದೂವರೆ ಲಕ್ಷಕ್ಕೂ ಹೆಚ್ಚು ಮುಳುಗಿತು.

ಎರಡನೆಯ ಶಾಲೆಯನ್ನು ಆರಿಸುವ ಮುನ್ನ ಮಹಾರಾಷ್ಟ್ರದಲ್ಲಿ ಏರ್‌ಫೀಲ್ಡಿನ ಎದುರಿನ ಚಹಾ ಅಂಗಡಿಯಲ್ಲಿ ಎರಡು ದಿನ ಕುಳಿತು, ಯಾವ ಯಾವ ವಿಟಿ ಸಂಖ್ಯೆಯ (ಭಾರತದ ವಿಮಾನಗಳ ನೋಂದಣಿ ಗುರುತು) ವಿಮಾನ ಎಷ್ಟು ಬಾರಿ ಮೇಲೇರಿತೆಂದು ಬರೆದುಕೊಂಡೆ. ನಾಲ್ಕು ಸೆಸ್ನಾ ತರಬೇತಿ ವಿಮಾನಗಳು ನಿಜವಾಗಿಯೂ ಹಾರುತ್ತಿದ್ದವು. ಬಳಿಕವೇ ಒಳಗೆ ಹೋಗಿ, ಒಬ್ಬ ಬೋಧಕರಿಗೆ ಎಷ್ಟು ವಿದ್ಯಾರ್ಥಿಗಳೆಂದು ಕೇಳಿದೆ.

ಸಾಲದ್ದು ಇನ್ನೊಂದು ಕಥೆ. ಏಳೂವರೆ ಲಕ್ಷ ದಾಟಿದರೆ ಅಡಮಾನ ಬೇಕೆಂದರು ಬ್ಯಾಂಕಿನವರು. ಅಪ್ಪನ ಅಡಿಕೆ ತೋಟದ ಪಹಣಿ ಹಿಡಿದು ಹೋದರೆ, ಕೃಷಿ ಜಮೀನು, ಬಾಕಿದಾರನ ಅಡಮಾನವನ್ನು ಬ್ಯಾಂಕು ಕೋರ್ಟಿಗೆ ಹೋಗದೆ ವಶಪಡಿಸಿಕೊಳ್ಳಲು ಬಿಡುವ ಸರ್ಫೇಸಿ ಕಾಯ್ದೆಯ ವ್ಯಾಪ್ತಿಗೆ ಬರುವುದಿಲ್ಲವೆಂದು ಮ್ಯಾನೇಜರರು ಕಾಗದವನ್ನು ಪಕ್ಕಕ್ಕಿಟ್ಟರು. ಕೊನೆಗೆ ಊರಿನ ಮನೆಯ ಖಾತೆ ಇಟ್ಟು 24 ಲಕ್ಷ ಮಂಜೂರಾಯಿತು. ಬ್ಯಾಂಕು ಶಾಲೆಯ ಬೇಡಿಕೆ ಪತ್ರದಂತೆ ಹಣ ಬಿಡುಗಡೆ ಮಾಡುವುದರಿಂದ, 30 ಗಂಟೆಗೊಂದು ಕಂತೆಂದು ಒಪ್ಪಂದದಲ್ಲೇ ಬರೆಸಿದೆ. ಎತ್ತದ ಹಣಕ್ಕೆ ಬಡ್ಡಿಯಿಲ್ಲ. ಒಟ್ಟಿಗೆ ಕಟ್ಟಿದರೆ ಶಾಲೆ ಕೊಡುತ್ತೇನೆಂದ ಐದು ಶೇಕಡ ರಿಯಾಯಿತಿ ಇದರ ಮುಂದೆ ಏನೂ ಅಲ್ಲ. ಆ ಷರತ್ತಿಗೆ ಶಾಲೆಯನ್ನು ಹೇಗೆ ಒಪ್ಪಿಸಿದೆನೆಂಬುದನ್ನೂ, ಬೆಳಗಿನ ಮೊದಲ ಸಾರ್ಟಿಯನ್ನು, ಅಂದರೆ ಹಾರಾಟದ ಸರದಿಯನ್ನು, ಹೇಗೆ ಗಿಟ್ಟಿಸುತ್ತಿದ್ದೆನೆಂಬುದನ್ನೂ ಇಲ್ಲಿ ಬರೆಯುವುದಿಲ್ಲ. ಬರೆದರೆ ಮುಂದಿನವರಿಗೆ ಅದು ನಡೆಯದು.

ಈ ಪದ್ಧತಿಗೆ ಎರಡು ಪೂರ್ವಸಿದ್ಧತೆ ಬೇಕು. ಪೈಲಟ್‌ಗೆ ಬೇಕಾದ ಕ್ಲಾಸ್ 1 ವೈದ್ಯಕೀಯ ಪರೀಕ್ಷೆಯನ್ನು ನಾನು ಬೆಂಗಳೂರಿನ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆಯಲ್ಲಿ ಮೊದಲೇ ಮುಗಿಸಿದ್ದೆ. ನ್ಯಾವಿಗೇಷನ್, ಮೆಟಿಯರಾಲಜಿ, ರೆಗ್ಯುಲೇಷನ್ ಮತ್ತು ಟೆಕ್ನಿಕಲ್ ಪತ್ರಿಕೆಗಳನ್ನೂ ಎರಡನೆಯ ಶಾಲೆಗೆ ಸೇರುವ ಮೊದಲೇ ದಾಟಿದ್ದರಿಂದ ಹಾರಾಟ ನಿಲ್ಲಲಿಲ್ಲ. ಕೊನೆಯ ಕಂತನ್ನು ಮಾತ್ರ ಕೈಯಲ್ಲೇ ಇಟ್ಟುಕೊಳ್ಳಬೇಕು: ಲೈಸೆನ್ಸಿನ ಅರ್ಜಿಗೆ ಹಿಂದಿನ ಆರು ತಿಂಗಳಲ್ಲಿ 15 ಗಂಟೆ ಪಿಐಸಿ (ವಿಮಾನದ ಹೊಣೆ ಹೊತ್ತ ಪೈಲಟ್ ಆಗಿ ಹಾರಿದ್ದು) ಇರಬೇಕಾದ್ದರಿಂದ, ಆ ಹೊತ್ತಿಗೆ ಹಣ ಮುಗಿದವರು ಹಾರಿದ್ದನ್ನೇ ಮತ್ತೆ ಹಾರಬೇಕಾಗುತ್ತದೆ.

ನಡುವೆ ಒಂದು ಪ್ರಯೋಗವನ್ನೂ ಮಾಡಿದೆ. ಆರು ಸಾವಿರಕ್ಕೆ ಹಳೆಯ ಯೋಕ್ (ವಿಮಾನದ ಚುಕ್ಕಾಣಿಯಂಥದ್ದು) ಕೊಂಡು ಲ್ಯಾಪ್‌ಟಾಪಿನಲ್ಲಿ ಸಿಮ್ಯುಲೇಟರ್ ಅಭ್ಯಾಸ ನಡೆಸಿದ್ದರಿಂದ ಇನ್‌ಸ್ಟ್ರುಮೆಂಟ್ ಸ್ಕ್ಯಾನ್, ಅಂದರೆ ಮಾಪಕಗಳ ಮೇಲೆ ಕಣ್ಣಾಡಿಸುವುದು, ಚುರುಕಾಯಿತು, ಆದರೆ ಇಳಿಯುವ ಕೊನೆಯಲ್ಲಿ ಮೂಗೆತ್ತುವ ಫ್ಲೇರ್ ಹಾಳಾಯಿತು. ಕಣ್ಣು ರನ್‌ವೇ ಬಿಟ್ಟು ಮಾಪಕಗಳಲ್ಲೇ ನೆಟ್ಟಿರುತ್ತಿತ್ತು. ಬೋಧಕರು ಅವುಗಳಿಗೆ ಕಾಗದ ಅಂಟಿಸಿ ಎರಡು ಗಂಟೆ ಸರ್ಕ್ಯೂಟ್ (ಸುತ್ತು ಹಾರಿ ಮತ್ತೆ ಮತ್ತೆ ಇಳಿಯುವುದು) ಹೊಡೆಸಿದರು. 27 ಸಾವಿರ ಹೋಯಿತು.

ನೆನಪಿನ ಲೆಕ್ಕ ಹೀಗಿದೆ: ಎರಡನೆಯ ಶಾಲೆಯಲ್ಲಿ ಸಿಂಗಲ್ ಎಂಜಿನ್ 158 ಗಂಟೆಗೆ ಇಪ್ಪತ್ತೊಂದು ಲಕ್ಷ ಚಿಲ್ಲರೆ, ಮಲ್ಟಿ ಎಂಜಿನ್ 15 ಗಂಟೆಗೆ ಐದು ಲಕ್ಷ, ಮೊದಲ ಶಾಲೆಗೆ ಖರ್ಚಾದದ್ದು ಆರು ಲಕ್ಷ, ಊಟ ವಸತಿಗೆ ನಾಲ್ಕೂವರೆ, ಪರೀಕ್ಷೆ, ಕೋಚಿಂಗ್, ವೈದ್ಯಕೀಯಕ್ಕೆ ಒಂದೂವರೆ. ಒಟ್ಟು 38 ಲಕ್ಷದ ಸುತ್ತಮುತ್ತ. ಏರ್‌ಲೈನಿನ ದೊಡ್ಡ ವಿಮಾನ ಹಾರಿಸಲು ಬೇಕಾದ ಟೈಪ್ ರೇಟಿಂಗಿಗೆ ಇನ್ನೂ ಕೈಹಾಕಿಲ್ಲ. ಸಹಾಯಕ ಬೋಧಕನ ರೇಟಿಂಗ್ ಮಾಡಿಕೊಂಡು ಎರಡನೆಯ ಶಾಲೆಯಲ್ಲೇ ಕೆಲಸಕ್ಕೆ ಸೇರಿದ್ದೇನೆ; ಸಾಲದ ತಿಂಗಳ ಕಂತು 35 ಸಾವಿರದ ಹತ್ತಿರ ಬರುತ್ತದೆ, ಸಂಬಳದಲ್ಲಿ ಅದನ್ನು ಕಟ್ಟಿ ಊಟಕ್ಕೆ ಉಳಿಯುತ್ತಿದೆ.